ಸರ್ವಮಂಗಳೆಯ ಕೊನೆಯ ಪೆಪ್ಪರಮೆಂಟು

ನಮ್ಮೂರಿನಲ್ಲಿ ಕೊನೆಯ ಹಾಲುಹಲ್ಲು ಬಿದ್ದ ದಿನವೇ ನಾಲಿಗೆಯಿಂದ ಸಿಹಿಯೂ ಹೋಗುತ್ತದೆ. ಖಾರ ಉಳಿಯುತ್ತದೆ, ಹುಳಿ ಉಳಿಯುತ್ತದೆ, ಹಾಗಲಕಾಯಿಯ ಕಹಿಗಂತೂ ಒಂದು ದಿನವೂ ರಜೆ ಇಲ್ಲ. ಸಕ್ಕರೆ ಮಾತ್ರ ಬಾಯಲ್ಲಿ ನುಣ್ಣನೆಯ ಮರಳಾಗುತ್ತದೆ. ಯಾಕೆ ಅಂತ ನನ್ನನ್ನು ಕೇಳಬೇಡಿ. ನಾನು ಮಿಠಾಯಿ ಮಾಡುವವನು, ಪಂಡಿತನಲ್ಲ. ನಾವು ಹುಟ್ಟುವ ಮೊದಲಿನಿಂದಲೂ ಹೀಗೇ ಇದೆ, ನಾವೂ ಇದಕ್ಕೆ ಹೊಂದಿಕೊಂಡಿದ್ದೇವೆ. ಮದುವೆ ಊಟದಲ್ಲಿ ದೊಡ್ಡವರ ಎಲೆಯ ತುದಿಗೆ ಶಾಸ್ತ್ರಕ್ಕೆಂದು ಒಂದು ಚೂರು ಪಾಯಸ ತಾಗಿಸುತ್ತಾರೆ, ಮಕ್ಕಳ ಸಾಲಿಗೆ ಸೌಟುಗಟ್ಟಲೆ ಸುರಿಯುತ್ತಾರೆ. ಕಾಫಿಗೆ ಯಾರೂ ಸಕ್ಕರೆ ಹಾಕುವುದಿಲ್ಲ, ಪರಊರಿನ ನೆಂಟರು ಬಂದಾಗ ಮಾತ್ರ ಸಕ್ಕರೆ ಡಬ್ಬಿ ಎಲ್ಲಿಟ್ಟೆವೆಂದು ಮನೆಯೆಲ್ಲ ಹುಡುಕಾಟ. ಹೊರಗಿನಿಂದ ಬಂದ ಸೊಸೆಯರು ಮೊದಲ ಸಂಕ್ರಾಂತಿಗೆ ಎಳ್ಳುಬೆಲ್ಲ ಬಾಯಿಗೆ ಹಾಕಿಕೊಂಡು ಮುಖ ಸಣ್ಣದು ಮಾಡುತ್ತಾರೆ. ಎರಡನೆಯ ಸಂಕ್ರಾಂತಿಯ ಹೊತ್ತಿಗೆ ಅವರೂ ನಮ್ಮ ಹಾಗೆ ಎಳ್ಳು ಚೆನ್ನಾಗಿ ಹುರಿದಿದ್ದೀರಿ ಎಂದು ಹೊಗಳಿ ಎದ್ದು ಹೋಗುತ್ತಾರೆ.

"ಇಂಥ ಊರಲ್ಲಿ ಮಿಠಾಯಿ ಅಂಗಡಿ ಇಟ್ಕೊಂಡು ಹೊಟ್ಟೆ ಹೆಂಗಪ್ಪಾ ತುಂಬುತ್ತೆ?" ಎಂದು ಬಸ್ಸಿನಿಂದ ಇಳಿದವರು ನನ್ನನ್ನು ಕೇಳುವುದುಂಟು. ತುಂಬುತ್ತದೆ, ನನ್ನ ಹೊಟ್ಟೆ ನೋಡಿದರೇ ತಿಳಿಯುತ್ತದೆ. ಮಿಠಾಯಿ ಮರುಳಪ್ಪನ ಅಂಗಡಿ ಎಂದರೆ ಊರಲ್ಲಿ ಯಾರಾದರೂ ದಾರಿ ತೋರಿಸುತ್ತಾರೆ. ಅಂಗಡಿಯಲ್ಲಿ ಎದುರುಬದುರು ಎರಡು ಬೆಂಚುಗಳಿವೆ, ಒಂದು ಗಿಡ್ಡ, ಒಂದು ಎತ್ತರ. ಗಿಡ್ಡ ಬೆಂಚಿನ ಮೇಲೆ ಮಕ್ಕಳು ಕೂತು ತಿನ್ನುತ್ತಾರೆ. ಎತ್ತರದ ಬೆಂಚಿನ ಮೇಲೆ ಅಪ್ಪ, ಅಮ್ಮ, ಅಜ್ಜ, ಅಜ್ಜಿಯರು ಕೂತು ಮಕ್ಕಳ ಮುಖ ನೋಡುತ್ತಾರೆ. ನಮ್ಮೂರಲ್ಲಿ ದೊಡ್ಡವರು ಸಿಹಿ ತಿನ್ನುವುದು ಹೀಗೆ. ಮಕ್ಕಳಿಲ್ಲದವರು ಪಕ್ಕದ ಮನೆಯ ಮಗುವನ್ನು ಬೇಡಿ ಕರೆದುಕೊಂಡು ಬರುತ್ತಾರೆ.

ಇಷ್ಟೆಲ್ಲ ಹೊಂದಿಕೊಂಡವರು ಒಂದೇ ಒಂದು ತಿಂಡಿಯ ಮಾತು ಬಂದರೆ ಮಾತ್ರ ಮೆತ್ತಗಾಗುತ್ತೇವೆ. ಅದು ದೊರೆಸಾನಿ ಪೆಪ್ಪರಮೆಂಟು. ಹಿಂದೆ ಹೊಳೆಗೆ ರೈಲಿನ ಸೇತುವೆ ಕಟ್ಟಿಸಲು ಬಂದ ಬಿಳಿ ದೊರೆಯ ಹೆಂಡತಿ ಇಲ್ಲಿ ನಾಲ್ಕೈದು ವರ್ಷ ಇದ್ದಳಂತೆ. ಅವಳ ಇಬ್ಬರು ಗಂಡುಮಕ್ಕಳು ಇಂಗ್ಲೆಂಡ್ ಸೀಮೆಯ ಯಾವುದೋ ಶಾಲೆಯಲ್ಲಿ ಓದುತ್ತಿದ್ದರು. ಇಲ್ಲಿಗೆ ಬಂದ ಮೇಲೆ ಅವಳ ನಾಲಿಗೆಯ ಸಿಹಿಯೂ ಹೋಯಿತು. ಒಂದು ದಿನ ಅವಳಿಗೆ ತಾನು ಸಣ್ಣವಳಿದ್ದಾಗ ಸಮುದ್ರದ ದಂಡೆಯ ಅಂಗಡಿಯಿಂದ ಕಾಗದದ ಪೊಟ್ಟಣದಲ್ಲಿ ಕೊಂಡು ತಿನ್ನುತ್ತಿದ್ದ, ಕಂದು ಬಿಳಿ ಪಟ್ಟೆಯ ಪೆಪ್ಪರಮೆಂಟಿನ ನೆನಪು ಉಕ್ಕಿ ಬಂತು. ಅಡುಗೆಯವಳನ್ನು ಜೊತೆಗಿಟ್ಟುಕೊಂಡು ಪಾಕ ಕಾಯಿಸಿದಳು, ಜಗುಲಿಯ ಕಂಬಕ್ಕೆ ಕೊಕ್ಕೆ ಹೊಡೆಸಿ ಪಾಕವನ್ನು ಅದಕ್ಕೆ ನೇತುಹಾಕಿ ಎಳೆದಳು, ಪಟ್ಟೆ ಹಾಕಿ ಕತ್ತರಿಸಿದಳು. ಬಾಯಿಗೆ ಹಾಕಿಕೊಂಡರೆ ಬರೀ ತಂಪು. ಅಡುಗೆಯವಳ ಮಗಳಿಗೆ ಆಗ ಕೊನೆಯ ಹಾಲುಹಲ್ಲು ಅಲ್ಲಾಡುತ್ತಿತ್ತು. ದೊರೆಸಾನಿ ಆ ಹುಡುಗಿಯ ಕೈಗೆ ಒಂದನ್ನು ಕೊಟ್ಟು, ಅದು ಕರಗುವ ತನಕ ನೆಲದ ಮೇಲೆ ಕೂತು ಅವಳ ಮುಖ ನೋಡಿದಳಂತೆ, ಆಮೇಲೆ ಸೆರಗಿಲ್ಲದ್ದಕ್ಕೆ ತೋಳಿನಿಂದಲೇ ಕಣ್ಣೊರೆಸಿಕೊಂಡಳಂತೆ.

ಅಂದಿನಿಂದ ನಮ್ಮಲ್ಲಿ ಇದು ಪದ್ಧತಿ. ಮಗುವಿನ ಕೊನೆಯ ಹಾಲುಹಲ್ಲು ಅಲ್ಲಾಡತೊಡಗಿದಾಗ ತಾಯಿ ಮನೆಯಲ್ಲೇ ಪೆಪ್ಪರಮೆಂಟು ಮಾಡಿ, ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ತಿನ್ನಿಸುತ್ತಾಳೆ. ಅದಕ್ಕೆ ಮುಂಚೆ ಯಾವ ಮಗುವೂ ಅದರ ರುಚಿ ನೋಡುವಂತಿಲ್ಲ. ಕಚ್ಚುವಂತಿಲ್ಲ, ಚೀಪಬೇಕು, ಎಷ್ಟು ಹೊತ್ತು ಉಳಿಸಿಕೊಂಡರೆ ಅಷ್ಟು ಒಳ್ಳೆಯದು. ಅದು ಕರಗಿದ ಮೇಲೆ ದಾರ ಕಟ್ಟಿ ಹಲ್ಲು ಕೀಳುತ್ತಾರೆ. ಮಿಕ್ಕಿದ್ದನ್ನು ಬಂದವರಿಗೆಲ್ಲ ಹಂಚುತ್ತಾರೆ. ನಮಗೆ ಸಿಹಿ ತಿಳಿಯದಿದ್ದರೂ ಪೆಪ್ಪರಮೆಂಟಿನ ತಂಪು ತಿಳಿಯುತ್ತದೆ. ಕೆನ್ನೆಯಲ್ಲಿ ಒತ್ತರಿಸಿಟ್ಟುಕೊಂಡು ಎಲ್ಲರೂ ಸುಮ್ಮನೆ ಕೂರುತ್ತೇವೆ. ಯಾರ ಕಣ್ಣ ಮುಂದೆ ಯಾರ ತೊಡೆ ಬರುತ್ತದೋ ಬಾಯಿಬಿಟ್ಟು ಯಾರೂ ಹೇಳುವುದಿಲ್ಲ. ರಿಟೈರಾದ ಪೋಸ್ಟ್ ಮಾಸ್ತರು ವೆಂಕೋಬರಾಯರಂತೂ ಅವತ್ತು ಒಂದು ಹೆಜ್ಜೆ ಮುಂದೆ ಹೋಗುತ್ತಾರೆ. ಅಮೃತ ಅಂತ ಪುರಾಣದಲ್ಲಿ ಬರೆದಿರುವುದು ಇದನ್ನೇ, ಬರೆದವರಿಗೆ ಹೆಸರು ಗೊತ್ತಿರಲಿಲ್ಲ ಅಷ್ಟೆ ಎನ್ನುತ್ತಾರೆ.

ಈ ಊರಲ್ಲಿ ಆ ಪೆಪ್ಪರಮೆಂಟನ್ನು ತಿನ್ನದ ದೊಡ್ಡವಳು ಒಬ್ಬಳೇ ಇದ್ದಳು. ಅವಳು ನನ್ನ ಹೆಂಡತಿ ಸರ್ವಮಂಗಳ.

ಅವಳ ಮೇಲುದವಡೆಯ ಎಡಗಡೆ ಕೋರೆಹಲ್ಲಿನ ಜಾಗದಲ್ಲಿ ಅಕ್ಕಿಕಾಳಿನಷ್ಟು ಬೆಳ್ಳಗಿನ ಹಾಲುಹಲ್ಲೊಂದು ಉಳಿದುಬಿಟ್ಟಿತ್ತು. ಓರಗೆಯವರೆಲ್ಲ ಪೆಪ್ಪರಮೆಂಟು ತಿಂದು ದೊಡ್ಡವರಾದರು, ಇವಳ ಹಲ್ಲು ಮಿಸುಕಲಿಲ್ಲ. ಅವಳ ತಾಯಿ ಪ್ರತಿ ಬೇಸಿಗೆಯಲ್ಲೂ ಬೆರಳಿಟ್ಟು ಅಲ್ಲಾಡಿಸಿ ನೋಡುತ್ತಿದ್ದರಂತೆ, "ಇನ್ನೂ ಇಲ್ಲ" ಎಂದು ನಿಟ್ಟುಸಿರು ಬಿಡುತ್ತಿದ್ದರಂತೆ. ಸೀರೆ ಉಡುವ ವಯಸ್ಸಾದರೂ ಇಲ್ಲ, ಮದುವೆಯಾದರೂ ಇಲ್ಲ, ನಮ್ಮ ಮಗಳು ವಿಶಾಲ ಹುಟ್ಟಿದರೂ ಇಲ್ಲ. ವಿಶಾಲಳ ಹಲ್ಲು ಅಲ್ಲಾಡಿದಾಗ ಸರ್ವಮಂಗಳ ತಾನೇ ಪಾಕ ಎಳೆದು ಪೆಪ್ಪರಮೆಂಟು ಮಾಡಿದಳು. ಅಂಗೈಯೆಲ್ಲ ಸಕ್ಕರೆಯಾಗಿದ್ದರೂ ಬೆರಳ ತುದಿಯನ್ನೂ ನೆಕ್ಕದೆ ಬಿಸಿನೀರಲ್ಲಿ ಕೈ ತೊಳೆದುಕೊಂಡು ಬಂದಳು. ಮಗಳ ಸಿಹಿ ಹೋಯಿತು, ತಾಯಿಯದು ಉಳಿಯಿತು. ಮದುವೆ ಮನೆಗಳಲ್ಲಿ ಈ ನನ್ನ ಹೆಂಡತಿ ರೇಷ್ಮೆ ಸೀರೆ ಉಟ್ಟುಕೊಂಡು, ತಲೆಯಲ್ಲಿ ಬೆಳ್ಳಿಕೂದಲು ಬಂದ ಮೇಲೂ, ಮಕ್ಕಳ ಸಾಲಿನಲ್ಲೇ ಕೂತು ಹೋಳಿಗೆ ತಿನ್ನುತ್ತಿದ್ದಳು. ಮಕ್ಕಳು ಅವಳ ಪಕ್ಕದ ಜಾಗಕ್ಕೆ ಜಗಳವಾಡುತ್ತಿದ್ದವು. ಯಾಕೆಂದರೆ ಸಿಹಿಯ ವಿಷಯದಲ್ಲಿ ಅವುಗಳ ಜೊತೆ ಸರಿಸಮವಾಗಿ ವಾದ ಮಾಡುವ ದೊಡ್ಡವಳು ಅವಳೊಬ್ಬಳೇ.

ಮಿಠಾಯಿ ಮಾಡುವವನಿಗೆ ಇಂಥ ಹೆಂಡತಿ ಸಿಕ್ಕರೆ ಊರು ಸುಮ್ಮನಿರುತ್ತದೆಯೇ? "ಮರುಳಪ್ಪ ಹೆಂಡ್ತೀನ ಕಟ್ಕೊಂಡಿಲ್ಲ, ನಾಲಿಗೇನ ಕಟ್ಕೊಂಡಿದಾನೆ" ಎಂದು ಎತ್ತರದ ಬೆಂಚಿನವರು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಹೌದು, ದಿನಾ ಬೆಳಗಾಗುವ ಮೊದಲೇ ಅವಳನ್ನು ಎಬ್ಬಿಸುತ್ತಿದ್ದೆ. ಅವಳು ಕಣ್ಣುಜ್ಜಿಕೊಂಡು, ಸೆರಗು ಹೊದ್ದುಕೊಂಡು ಬಂದು ಒಲೆಯ ಪಕ್ಕ ನಿಲ್ಲುತ್ತಿದ್ದಳು. ಬಾಳೆಲೆಯ ಚೂರಿನ ಮೇಲೆ ಮೊದಲ ತುಣುಕನ್ನು ಹಾಕಿ ಅವಳಿಗೆ ಕೊಡುತ್ತಿದ್ದೆ. ಅವಳು ತಿಂದು, "ಸರಿಯಾಗಿದೆ" ಎಂದೋ "ಇವತ್ತು ಪಾಕ ಒಂಚೂರು ಮುಂದೆ ಹೋಯ್ತು, ಹದ ಮೀರ್ತು" ಎಂದೋ ಹೇಳುತ್ತಿದ್ದಳು. ಮೂವತ್ತು ವರ್ಷ ಹೀಗೇ ನಡೆಯಿತು. ಊರವರ ಆ ಮಾತು ಅವಳ ಎದೆಯಲ್ಲಿ ಎಲ್ಲಿ ಹೋಗಿ ಕೂತಿದೆಯೆಂದು ನಾನು ಒಂದು ದಿನವೂ ಯೋಚಿಸಲಿಲ್ಲ.

ಈ ವರ್ಷ ಮಾಘದಲ್ಲಿ ಅವಳು ಊಟ ಮಾಡುವಾಗ ಬಲಗಡೆಗೆ ಮಾತ್ರ ಅಗಿಯುವುದನ್ನು ಕಂಡೆ. ಕೇಳಿದರೆ, "ಏನಿಲ್ಲ, ಮಾವಿನಕಾಯಿ ತಿಂದು ಹಲ್ಲು ಚುಳ್ಳಂತಿದೆ" ಎಂದಳು. ಮಾಘದಲ್ಲಿ ಮಾವಿನಕಾಯಿ ಎಲ್ಲಿಂದ ಬಂತು ಎಂದು ನಾನೂ ಕೇಳಲಿಲ್ಲ. ನಾಲ್ಕು ದಿನಕ್ಕೆ ಕೆನ್ನೆ ಊದಿತು. ಸೆರಗಿನಿಂದ ಮುಚ್ಚಿಕೊಂಡು ಓಡಾಡಿದಳು. ಪಕ್ಕದ ಮನೆಯ ಕೊಟ್ರಮ್ಮ, ನಮ್ಮಿಬ್ಬರನ್ನೂ ಎತ್ತಿ ಆಡಿಸಿದ ಮುದುಕಿ, ಸೀದಾ ಒಳಗೆ ಬಂದು ಸೆರಗು ಸರಿಸಿ ನೋಡಿ, "ಎಲೆ ಹುಡುಗೀ, ಬಾಯಲ್ಲಿ ಗುಬ್ಬಚ್ಚಿ ಸಾಕಿಕೊಂಡಿದೀಯೇನೇ? ನಡಿ ತಬಸ್ಸುಮ್ ಹತ್ರ" ಎಂದು ಎಳೆದುಕೊಂಡು ಹೊರಟೇಬಿಟ್ಟಳು. ನಾನು ಚಪ್ಪಲಿ ಸಿಕ್ಕಿಸಿಕೊಂಡು ಹಿಂದೆ ಓಡಿದೆ.

ಹಲ್ಲಿನ ಡಾಕ್ಟರು ತಬಸ್ಸುಮ್ ಕೂಡ ನನ್ನ ಗಿಡ್ಡ ಬೆಂಚಿನ ಮೇಲೆ ಬೆಳೆದವಳೇ. ಬಾಯಿಗೆ ಬ್ಯಾಟರಿ ಬಿಟ್ಟು ನೋಡಿ, "ಅತ್ತೆ, ಈ ಹಲ್ಲಿಗೆ ಬೇರೇ ಇಲ್ಲ, ಬರೀ ವಸಡಿಗೆ ಜೋತುಬಿದ್ದಿದೆ. ಕೆಳಗಡೆ ಕೀವಾಗಿದೆ. ಊತ ಇಳಿಯೋಕೆ ಮಾತ್ರೆ ಕೊಡ್ತೀನಿ, ಇಳಿದ ತಕ್ಷಣ ತೆಗೆದುಬಿಡೋಣ" ಎಂದಳು.

"ಮಾತ್ರೆ ಕೊಡು, ಸಾಕು" ಎಂದು ಸರ್ವಮಂಗಳ ಕುರ್ಚಿಯಿಂದ ಇಳಿದಳು.

"ಮಾತ್ರೆಗೆ ಹೋಗಲ್ಲ ಅತ್ತೆ. ದವಡೆಗೆ ಇಳಿದ್ರೆ ದೊಡ್ಡಾಸ್ಪತ್ರೆಗೆ ಹೋಗಬೇಕಾಗುತ್ತೆ."

"ಹೋಗೋಣ ಬಿಡು" ಎಂದಳು, ಎದ್ದು ಮನೆಗೆ ಬಂದುಬಿಟ್ಟಳು.

ಅವತ್ತು ಮಧ್ಯಾಹ್ನ ಅಂಗಡಿಯ ಬಾಗಿಲು ಎಳೆದು ಬಂದು ಅವಳ ಎದುರು ಕೂತೆ. ನನಗೆ ಇಂಥ ಮಾತುಗಳು ಬರುವುದಿಲ್ಲ. ಕೈ ಆಡುವಷ್ಟು ಸರಾಗವಾಗಿ ನಾಲಿಗೆ ಆಡುವುದಿಲ್ಲ. "ಯಾತಕ್ಕೆ ಹಟ ಮಾಡ್ತೀಯ? ಊರಲ್ಲಿ ಯಾರಿಗೆ ಸಿಹಿ ಗೊತ್ತಾಗುತ್ತೆ? ಎಲ್ಲಾ ಬದುಕಿಲ್ವಾ?" ಎಂದೆ.

ಅವಳು ಹೆಸರುಕಾಳು ಆರಿಸುತ್ತಿದ್ದ ಮೊರವನ್ನು ಕೆಳಗಿಟ್ಟಳು. "ಸಿಹಿ ಹಾಳಾಗಿಹೋಗ್ಲಿ ಕಣ್ರೀ. ಬೇಕಾದಷ್ಟು ತಿಂದಿದೀನಿ. ಹಲ್ಲು ಕಿತ್ತಿಸ್ಕೊಂಡು ಬಂದ್ಮೇಲೆ ಈ ಮನೇಲಿ ನಾನು ಏನಾಗಿ ಇರ್ಲಿ, ಅದನ್ನ ಹೇಳಿ."

"ಏನಾಗಿ ಅಂದ್ರೆ?"

"ಊರೆಲ್ಲ ಆಡ್ಕೊಳ್ಳೋದು ನಿಮ್ಮ ಕಿವಿಗೆ ಬಿದ್ದಿಲ್ವಾ? ನೀವು ಕಟ್ಕೊಂಡಿದ್ದು ನಾಲಿಗೇನ ಅಂತ. ಬೆಳಿಗ್ಗೆ ಎದ್ರೆ ನಿಮ್ಗೆ ನಾನು ಬೇಕಾಗಿರೋದು ಅದೊಂದಕ್ಕೇ ತಾನೆ? ಮಿಕ್ಕ ಹೊತ್ತಲ್ಲಿ ನೀವು ಅಂಗಡೀಲಿ, ನಾನು ಮನೇಲಿ. ಅದೂ ಹೋದ್ರೆ ಇನ್ನೇನುಳೀತು?"

ನಾನು ಆಗ ಹೇಳಬೇಕಾಗಿದ್ದದ್ದು ಬೇರೆ. ನನ್ನ ಬಾಯಿಂದ ಬಂದದ್ದು ಇದು: "ಅದಕ್ಯಾಕೆ ಅಷ್ಟು ತಲೆ ಕೆಡಿಸ್ಕೊಳ್ತೀಯ? ಬೀದಿ ತುಂಬ ಮಕ್ಕಳಿದಾವೆ. ಯಾರನ್ನಾದ್ರೂ ಕರೆದು ರುಚಿ ನೋಡಿಸಿದ್ರಾಯ್ತು."

ಅವಳನ್ನು ಸಮಾಧಾನ ಮಾಡುತ್ತಿದ್ದೇನೆ ಎಂದೇ ನಾನು ತಿಳಿದಿದ್ದೆ. ಅವಳು ನನ್ನನ್ನು ಒಂದು ಸಲ ನೋಡಿ, ಮೊರ ಎತ್ತಿಕೊಂಡು ಅಡುಗೆಮನೆಗೆ ಹೋದಳು. ಸಂಜೆಯವರೆಗೂ ಹೆಸರುಕಾಳೇ ಆರಿಸಿದಳು. ಆ ಕಾಳಿನಲ್ಲಿ ಅಷ್ಟೊಂದು ಕಲ್ಲು ಇದ್ದ ಹಾಗೆ ನನಗೆ ಕಾಣಲಿಲ್ಲ.

ಮಾರನೆಯ ಬೆಳಿಗ್ಗೆ ಎಬ್ಬಿಸಲು ಹೋದೆ. ಎಚ್ಚರವಿದ್ದಳು, ಗೋಡೆಯ ಕಡೆ ತಿರುಗಿದಳು. ಒಬ್ಬನೇ ಹೋಗಿ ಒಲೆ ಹಚ್ಚಿದೆ. ಮೈಸೂರುಪಾಕು ತಳ ಹಿಡಿಯಿತು. ಅದರ ಮಾರನೆಯ ದಿನ ಅಂಗಡಿಯನ್ನೇ ತೆರೆಯಲಿಲ್ಲ. ಕೊಟ್ರಮ್ಮನಿಗೆ ನಮ್ಮ ಮಾತುಕತೆ ಗೋಡೆಯಾಚೆಯಿಂದಲೇ ಕೇಳಿತ್ತು ಅಂತ ಕಾಣುತ್ತದೆ. ಜಗುಲಿಯ ಮೇಲೆ ತಲೆಯ ಮೇಲೆ ಕೈಹೊತ್ತು ಕೂತಿದ್ದ ನನ್ನ ಹತ್ತಿರ ಬಂದು, "ಮರುಳಾ, ನಿಮ್ಮಪ್ಪ ನಿನಗೆ ಸರಿಯಾಗೇ ಹೆಸರಿಟ್ಟಿದಾನೆ" ಎಂದಷ್ಟೇ ಹೇಳಿ ಹೋದಳು.

ಮಾತ್ರೆಗೆ ಊತವೇನೋ ಇಳಿಯಿತು. ತಬಸ್ಸುಮ್ ತಾನೇ ಮನೆಗೆ ಬಂದಳು. ಸರ್ವಮಂಗಳೆಯ ಪಕ್ಕ ಚಾಪೆಯ ಮೇಲೆ ಕೂತು ಅವಳ ಕೈ ಹಿಡಿದುಕೊಂಡು, "ಅತ್ತೆ, ನಿಮ್ಮ ಹತ್ರ ಸುಳ್ಳು ಹೇಳಲ್ಲ. ನಾನು ಕೀಳದಿದ್ರೂ ಇನ್ನೊಂದೆರಡು ವಾರದಲ್ಲಿ ಅದು ತಾನಾಗೇ ಬಿದ್ದುಹೋಗುತ್ತೆ. ಅಲ್ಲೀತನಕ ನೋವು ತಿನ್ನೋದು ನಿಮ್ಮಿಷ್ಟ" ಎಂದಳು.

ಸರ್ವಮಂಗಳ ನಾಲಿಗೆಯ ತುದಿಯಿಂದ ಆ ಹಲ್ಲನ್ನು ಮೆಲ್ಲಗೆ ತಳ್ಳಿ ನೋಡಿದಳು. ನನಗೂ ಕಾಣಿಸಿತು, ಅಲ್ಲಾಡಿತು. ಇಷ್ಟು ವರ್ಷಕ್ಕೆ ಮೊದಲ ಸಲ. ಅವಳ ಕಣ್ಣಲ್ಲಿ ನೀರು ತುಂಬಿತು. "ಅವ್ವ ಇದ್ದಿದ್ರೆ ನೋಡಿ ಎಷ್ಟು ಹಿಗ್ಗೋಳು" ಎಂದಳು. ನಂತರ ಮೂರು ದಿನಗಳಲ್ಲಿ ಮೊದಲ ಸಲ ನನ್ನ ಕಡೆ ತಿರುಗಿ, "ಪೆಪ್ಪರಮೆಂಟು ಯಾರು ಮಾಡ್ತಾರೆ?" ಎಂದು ಕೇಳಿದಳು.

ಅದು ಸುದ್ದಿಯಾಗಲು ಎಷ್ಟು ಹೊತ್ತು ಬೇಕು? ಪರಊರಿನಲ್ಲಿದ್ದ ವಿಶಾಲ ಮೊದಲ ಬಸ್ಸಿಗೇ ಬಂದಳು. ತಾಯಿಯ ಜಾಗದಲ್ಲಿ ಯಾರು ಕೂರಬೇಕು ಎಂದು ನಮ್ಮ ಜಗುಲಿಯ ಮೇಲೆ ದೊಡ್ಡ ಪಂಚಾಯಿತಿಯೇ ನಡೆಯಿತು. ಮಗಳು ತಾಯಿಗೆ ತಾಯಿಯಾಗಬಹುದು ಎಂದರು ಕೆಲವರು. ಕೊಟ್ರಮ್ಮ ಹಿರಿಯಳು, ಅವಳ ತೊಡೆಯೇ ಸರಿ ಎಂದರು ಇನ್ನು ಕೆಲವರು. "ನನ್ನ ತೊಡೇಲಿ ಇವಳನ್ನ ಕೂರಿಸ್ಕೊಂಡ್ರೆ ಆಮೇಲೆ ನನ್ನನ್ನ ಎತ್ತೋಕೆ ನಾಲ್ಕು ಜನ ಬೇಕು" ಎಂದಳು ಕೊಟ್ರಮ್ಮ. ಒಳಗಿನಿಂದ ಸರ್ವಮಂಗಳೆಯ ದನಿ ಬಂತು: "ನಮ್ಮನೆಯವರೇ ಮಾಡ್ಲಿ." ಅಷ್ಟಕ್ಕೇ ನಿಲ್ಲಿಸದೆ, "ನಾನು ಒಲೆ ಹತ್ರ ಬರಲ್ಲ" ಎಂದಳು. ಪದ್ಧತಿಯೂ ಅದೇ, ತಿನ್ನುವ ಮಗು ಮಾಡುವಲ್ಲಿಗೆ ಬರಬಾರದು. ಆದರೂ ಆ ಮಾತು ನನಗೆ ಚುಚ್ಚಿತು.

ಜೀವಮಾನವಿಡೀ ಪಾಕದ ಮುಂದೆ ನಿಂತವನು ನಾನು. ಅವತ್ತು ಸಕ್ಕರೆಯನ್ನು ಒಲೆಗಿಟ್ಟಾಗ ಹೊಸಬನ ಹಾಗೆ ಬೆವೆತೆ. ಒಂದು ಬಾಣಲೆಯಲ್ಲಿ ಬರೀ ಸಕ್ಕರೆ, ಇನ್ನೊಂದರಲ್ಲಿ ಪಟ್ಟೆಗೆಂದು ಬೆಲ್ಲ ಸೇರಿಸಿದ ಸಕ್ಕರೆ, ಹರಳುಗಟ್ಟದಂತೆ ಎರಡಕ್ಕೂ ನಾಲ್ಕು ಹನಿ ನಿಂಬೆರಸ. ತಣ್ಣೀರಿಗೆ ಒಂದು ತೊಟ್ಟು ಬಿಟ್ಟರೆ ಟಕ್ಕೆಂದು ಮುರಿಯಬೇಕು, ಆಗ ಇಳಿಸಬೇಕು. ಇಳಿಸಿ, ತುಪ್ಪ ಸವರಿದ ಕಲ್ಲಿನ ಮೇಲೆ ಸುರಿದು, ಪೆಪ್ಪರಮೆಂಟಿನ ಎಣ್ಣೆ ಹನಿಸಿದೆ. ಕಂಬದ ಕೊಕ್ಕೆಗೆ ಹಾಕಿ ಎಳೆದೆ, ಮಡಚಿದೆ, ಮತ್ತೆ ಎಳೆದೆ. ಅಂಗೈ ಸುಡುತ್ತಿತ್ತು. ಎಳೆದಷ್ಟೂ ಪಾಕ ಬೆಳ್ಳಗಾಗಿ ರೇಷ್ಮೆಯ ಹಾಗೆ ಹೊಳೆಯತೊಡಗಿತು. ಅದರ ಮೇಲೆ ಕಂದು ಪಾಕದ ಪಟ್ಟೆ ಕೂರಿಸಿ, ಹೊಸೆದು, ಕತ್ತರಿಯಿಂದ ಒಂದೊಂದನ್ನೂ ತಿರುಗಿಸಿ ತಿರುಗಿಸಿ ಕತ್ತರಿಸಿದೆ. ಪುಟ್ಟ ದಿಂಬಿನಂಥ ತುಣುಕುಗಳು ಕಲ್ಲಿನ ಮೇಲೆ ಬಿದ್ದವು. ಹಿಂದೆ ತಿರುಗಿ ನೋಡಿದೆ. ಅವಳು ನಿಲ್ಲುವ ಜಾಗ ಖಾಲಿ ಇತ್ತು.

ತಟ್ಟೆ ಹಿಡಿದು ನಡುಮನೆಗೆ ಹೋದರೆ ಕಾಲಿಡಲು ಜಾಗವಿಲ್ಲ. ಬೀದಿಯ ಬೀದಿಯೇ ಬಂದು ಕೂತಿತ್ತು. ತಬಸ್ಸುಮ್ ತನ್ನ ಪೆಟ್ಟಿಗೆಯೊಂದಿಗೆ ಮೂಲೆಯಲ್ಲಿದ್ದಳು. ವೆಂಕೋಬರಾಯರು ಶಲ್ಯ ಹೊದ್ದು, ಎಲ್ಲರಿಗಿಂತ ಮುಂದೆ ಚಕ್ಕಳಮಕ್ಕಳ ಹಾಕಿದ್ದರು. ಅವರೆಲ್ಲ ಯಾಕೆ ಬಂದಿದ್ದಾರೆಂದು ನನಗೆ ಗೊತ್ತಿತ್ತು. ನಾವೆಲ್ಲ ಅದನ್ನು ತಿಂದದ್ದು ರುಚಿಯನ್ನು ಮಾತಲ್ಲಿ ಹಿಡಿದಿಡಲು ಬಾರದ ವಯಸ್ಸಿನಲ್ಲಿ. ಆಗ ಅದು ಹೇಗಿತ್ತೆಂದು ಹೇಳಲು ಬರುತ್ತಿರಲಿಲ್ಲ, ಹೇಳಲು ಬರುವ ಹೊತ್ತಿಗೆ ನಾಲಿಗೆಯಲ್ಲಿ ಅದು ಇರಲಿಲ್ಲ. ದೊಡ್ಡವರ ಮಾತು ಬಲ್ಲ ಒಬ್ಬಳು ಅದನ್ನು ತಿಂದು ಹೇಳುತ್ತಾಳೆಂದರೆ ಊರಿಗೆ ಅದು ಮೊದಲು, ಬಹುಶಃ ಕೊನೆ.

ಸರ್ವಮಂಗಳ ತಲೆಗೆ ನೀರೆರೆದುಕೊಂಡು ಮಲ್ಲಿಗೆ ಮುಡಿದು ಕೂತಿದ್ದಳು. ಅವಳ ಎದುರು ಕೂತು ಒಂದು ಪೆಪ್ಪರಮೆಂಟು ಎತ್ತಿದೆ. ಅವಳು ಬಾಯಿ ತೆರೆದಳು. ನಾಲಿಗೆಯ ಮೇಲಿಟ್ಟೆ.

ಅವಳು ಕಣ್ಣು ಮುಚ್ಚಿಕೊಂಡಳು. ಬಲಗೆನ್ನೆಯಿಂದ ಎಡಗೆನ್ನೆಗೆ ಅದು ಹೊರಳುವುದು ಕಾಣುತ್ತಿತ್ತು. ಹುಬ್ಬು ಸ್ವಲ್ಪ ಕೂಡಿತು, ಬಿಟ್ಟಿತು. ನಾನು ಅವಳ ಮುಖದಿಂದ ಕಣ್ಣು ಕೀಳಲಿಲ್ಲ. ಕೊನೆಯ ಸಲ ನೋಡುತ್ತಿದ್ದೇನೆ ಎನ್ನಿಸಿ ಇನ್ನಷ್ಟು ಹತ್ತಿರ ಸರಿದೆ. ಜಗುಲಿಯ ಬಿಸಿಲು ಹೊಸ್ತಿಲು ದಾಟಿ ಒಳಗೆ ಬರುವ ತನಕ ಅವಳು ಅದನ್ನು ಉಳಿಸಿಕೊಂಡಳು. ಆಮೇಲೆ ಕಣ್ಣು ಬಿಟ್ಟು, ನನ್ನನ್ನೇ ನೋಡಿ, ದಿನಾ ಹೇಳುವ ದನಿಯಲ್ಲೇ ಹೇಳಿದಳು: "ಪಾಕ ಒಂಚೂರು ಮುಂದೆ ಹೋಗಿದೆ."

ವಿಶಾಲ ಪಕ್ಕನೆ ನಕ್ಕಳು. ವೆಂಕೋಬರಾಯರಿಗೆ ತಡೆಯಲಾಗಲಿಲ್ಲ. "ಅದಿರ್ಲಿ ತಾಯೀ, ರುಚಿ? ರುಚಿ ಹೇಗಿತ್ತು? ನಾವು ಅಂದ್ಕೊಂಡ ಹಾಗೇ ಇದೆಯಾ?"

ಅವಳು ಯೋಚಿಸಿದಳು. ಸಿಹಿಯ ವಿಷಯದಲ್ಲಿ ಅವಳು ಒಂದು ದಿನವೂ ಸುಳ್ಳು ಹೇಳಿದವಳಲ್ಲ. "ಸಕ್ಕರೆ ರಾಯರೇ. ಸಕ್ಕರೆ, ಮೇಲೊಂದಿಷ್ಟು ತಂಪು. ಇವರು ಮಾಡೋ ಜಿಲೇಬಿ ಇದಕ್ಕಿಂತ ಎಷ್ಟೋ ಚೆನ್ನಾಗಿರುತ್ತೆ."

ಕೂತವರ ಮುಖಗಳೆಲ್ಲ ಬಾಡಿದವು. ರಾಯರು ಶಲ್ಯದ ಅಂಚು ತಿರುಚತೊಡಗಿದರು. ಅದನ್ನು ನೋಡಿ ಅವಳಿಗೆ ಅಯ್ಯೋ ಅನ್ನಿಸಿರಬೇಕು. "ನಿಮ್ಮದು ಹಾಗಿರಲಿಲ್ಲ ಬಿಡಿ" ಎಂದಳು. "ನಂಗೆ ಸಿಕ್ಕಿದ್ದು ಈ ವಯಸ್ಸಲ್ಲಿ, ಡಾಕ್ಟ್ರನ್ನ ಪಕ್ಕದಲ್ಲಿಟ್ಕೊಂಡು. ನೀವು ತಿಂದಿದ್ದು ಅಮ್ಮನ ತೊಡೆ ಮೇಲೆ ಕೂತ್ಕೊಂಡು. ಅವ್ವನ ಕೈಯಿಂದ ತಿಂದಿದ್ರೆ ನಂಗೂ ಹಾಗೇ ಇರ್ತಿತ್ತೇನೋ. ಅದನ್ನ ನಾನು ಹೆಂಗೆ ಹೇಳ್ಲಿ, ನೀವೇ ನಂಗೆ ಹೇಳ್ಬೇಕು."

ವಿಶಾಲ ಎದ್ದು ತಟ್ಟೆ ಹಿಡಿದು ಎಲ್ಲರಿಗೂ ಒಂದೊಂದು ಕೊಟ್ಟಳು. ಕೆನ್ನೆಯಲ್ಲಿ ತಂಪನ್ನಿಟ್ಟುಕೊಂಡು ಎಲ್ಲರೂ ಕೂತಿರುವಾಗ ತಬಸ್ಸುಮ್ ಬಂದು ಹತ್ತಿಯ ಉಂಡೆಯೊಂದನ್ನು ಒತ್ತಿ, ಎರಡು ಬೆರಳಲ್ಲಿ ಹಲ್ಲನ್ನು ಹಿಡಿದು ತಿರುಚಿದಳು. ಇಕ್ಕಳ ಬೇಕಾಗಲಿಲ್ಲ. ಅಷ್ಟು ವರ್ಷ ಹಿಡಿದುಕೊಂಡಿದ್ದದ್ದು ಹೂವು ಬಿಡಿಸಿದಷ್ಟು ಸುಲಭವಾಗಿ ಬಂತು.

ಮಾರನೆಯ ಬೆಳಿಗ್ಗೆ ಅಭ್ಯಾಸ ಬಲ, ಅವಳ ಹಾಸಿಗೆಯ ಹತ್ತಿರ ಹೋದೆ. ಅವಳು ಎದ್ದು ಕೂತಿದ್ದಳು. ನನ್ನನ್ನು ಕಂಡು, "ಇನ್ಯಾಕೆ ಬಂದ್ರಿ?" ಎಂದಳು. ಕೋಪವಿರಲಿಲ್ಲ, ಸೋತವರ ದನಿಯಿತ್ತು. "ಇವತ್ತಿಂದ ಪಾಕ ನಿಮ್ಗೆ ಯಾರು ಹೇಳ್ತಾರೆ?"

"ಬೆರಳು ಹೇಳುತ್ತೆ" ಎಂದೆ.

"ಏನು?"

"ಬೆರಳು. ಎಳೆ ಬಂತಾ ಇಲ್ವಾ ಅಂತ ಬೆರಳಿಗೇ ಗೊತ್ತಾಗುತ್ತೆ. ಅಪ್ಪ ಕಲಿಸಿದ್ದು. ಅವರೂ ಈ ಊರವರೇ ತಾನೆ, ಅವರಿಗೆಲ್ಲಿ ಸಿಹಿ ಗೊತ್ತಾಗ್ತಿತ್ತು? ನೀನು ಬರೋ ಮುಂಚೇನೂ ನಾನು ಹಾಗೇ ಮಾಡ್ತಿದ್ದೆ. ಆಮೇಲೆ ನೀನು ಹೇಳಿದ ಹಾಗೆ ಸ್ವಲ್ಪ ಹೆಚ್ಚೂಕಮ್ಮಿ ಮಾಡ್ತಿದ್ದೆ. ಮಾಡದಿದ್ರೂ ನಡೀತಿತ್ತು."

ಅವಳು ಹೊದಿಕೆ ಸರಿಸಿ ಎದ್ದು ನಿಂತಳು. "ಹಂಗಾದ್ರೆ ಮೂವತ್ತು ವರ್ಷ, ಚಳಿಯಿಲ್ಲ ಮಳೆಯಿಲ್ಲ, ಕೋಳಿ ಕೂಗೋ ಮುಂಚೆ ನನ್ನನ್ನ ಎಬ್ಬಿಸಿದ್ದು ಯಾತಕ್ರೀ? ಬಾಣಂತನದಲ್ಲೂ ಬಿಡ್ಲಿಲ್ವಲ್ಲ ನೀವು! ಯಾತಕ್ಕೆ?"

ಇನ್ನು ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. "ನೀನು ತಿನ್ನೋದನ್ನ ನೋಡೋಕೆ" ಎಂದೆ. "ಅಂಗಡಿ ತೆಗೆದ್ರೆ ಊರಿನ ಮಕ್ಕಳೆಲ್ಲ ನನ್ನ ಮುಂದೇನೇ ತಿಂತಾವೆ. ನಂಗೆ ನಿನ್ನ ಮುಖ ನೋಡಿದ್ರೇ ಬೆಳಗಾಗೋದು."

ಅವಳ ಕಿವಿ ಕೆಂಪಾಯಿತು. ಸಿಟ್ಟಿಗೋ ಬೇರೆ ಯಾತಕ್ಕೋ ನನಗೆ ತಿಳಿಯಲಿಲ್ಲ. ನನ್ನನ್ನು ಹಿಡಿದುಹಾಕಿದವಳ ಹಾಗೆ ಕೇಳಿದಳು: "ಬೆರಳಿಗೆ ಎಲ್ಲಾ ಗೊತ್ತಾಗುತ್ತೆ ಅಂತೀರಲ್ಲ, ಮತ್ತೆ ನಿನ್ನೆ ಪಾಕ ಯಾಕೆ ಮುಂದೆ ಹೋಯ್ತು?"

"ನಿನ್ನೆ ಕೈ ನಡುಗ್ತಿತ್ತು ಕಣೇ."

ಅವಳು ಮತ್ತೆ ಗೋಡೆಯ ಕಡೆ ತಿರುಗಿ ಮಲಗಿಕೊಂಡಳು. ನಾನು ಒಬ್ಬನೇ ಹೋಗಿ ಒಲೆ ಹಚ್ಚಿದೆ. ಮನೆಯಲ್ಲಿ ಅವಳು ಬಡಿಸಿದಳು, ನಾನು ಉಂಡೆ. ವಿಶಾಲ ಒಮ್ಮೆ ಅವಳ ಮುಖ ಒಮ್ಮೆ ನನ್ನ ಮುಖ ನೋಡಿ, ಸಂಜೆಯ ಬಸ್ಸಿಗೆ ಹೊರಟುಹೋದಳು.

ಮರುದಿನ ನಾನು ಅವಳನ್ನು ಎಬ್ಬಿಸಲು ಹೋಗಲಿಲ್ಲ. ಮೂವತ್ತು ವರ್ಷ ಸುಮ್ಮನೆ ನಿದ್ದೆಗೆಡಿಸಿದವನು ಯಾವ ಮುಖ ಇಟ್ಟುಕೊಂಡು ಹೋಗಲಿ? ಸದ್ದಾಗದ ಹಾಗೆ ಚಿಲಕ ತೆಗೆದು, ಒಲೆಗೆ ಬಾಣಲೆ ಏರಿಸಿ, ಕಡಲೆಹಿಟ್ಟು ತುಪ್ಪ ಹದ ಮಾಡಿ ಮಗುಚುತ್ತಿದ್ದೆ. ಬಳೆಯ ಸದ್ದಾಯಿತು. ಸೆರಗು ಹೊದ್ದುಕೊಂಡು, ಬಾಯಿ ಆಕಳಿಸುತ್ತ ಅವಳು ಬಂದು ತನ್ನ ಜಾಗದಲ್ಲಿ ನಿಂತಿದ್ದಳು. "ಎಬ್ಬಿಸೋಕೆ ಏನಾಗಿತ್ತು ರೋಗ?" ಎಂದು ಬೈದು, ಅಂಗೈ ಚಾಚಿದಳು.

ಬಾಳೆಲೆಯ ಚೂರಿನ ಮೇಲೆ ಬಿಸಿ ತುಣುಕೊಂದನ್ನು ಹಾಕಿ ಕೊಟ್ಟೆ. ಅವಳು ಊದಿ ಬಾಯಿಗೆ ಹಾಕಿಕೊಂಡು, ಗಾಯವಿದ್ದ ಕಡೆ ತಾಗದಂತೆ ನಿಧಾನವಾಗಿ ಅಗಿದಳು. ನಾನು ಸೌಟು ಹಿಡಿದವನು ಹಿಡಿದ ಹಾಗೇ ನೋಡುತ್ತ ನಿಂತೆ. ಅವಳು ನುಂಗಿ, ತಲೆಯಾಡಿಸಿದಳು.

"ನಂಗೇನೂ ಗೊತ್ತಾಗ್ಲಿಲ್ಲ ಕಣ್ರೀ" ಎಂದಳು.

"ನಂಗೆ ಗೊತ್ತಾಯ್ತು" ಎಂದೆ.